ಅದು ಯಾರ ಹೋಂವರ್ಕ್?

ನಮಸ್ಕಾರ ಮೇಡಂ,

ನಿಮ್ಮ ಪತ್ರ ಬಂತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುತ್ತಿಲ್ಲ. ಉಳಿದ ಓದುಗರಿಗೂ ವಿಷಯ ಗೊತ್ತಾಗಲಿ ಎಂದು ನೀವು ಬರೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ನೀವು ಮೂರರಿಂದ ಏಳನೇ ತರಗತಿವರೆಗೆ ಪಾಠ ಮಾಡುವ ಶಿಕ್ಷಕಿ. ಕೆಲವು ಪೋಷಕರು ಬಂದು "ರಾತ್ರಿ ಹತ್ತಾದರೂ ಮಗು ಬರೀತಾ ಕೂತಿರುತ್ತೆ, ಸ್ವಲ್ಪ ಕಡಿಮೆ ಮಾಡಿ" ಅನ್ನುತ್ತಾರೆ. ಇನ್ನು ಕೆಲವರು "ಡೈರಿಯಲ್ಲಿ ಏನೂ ಇಲ್ವಲ್ಲ, ಕ್ಲಾಸಲ್ಲಿ ಪಾಠ ನಡೀತಿದೆಯಾ?" ಎಂದು ಕೇಳುತ್ತಾರೆ. ಮುಖ್ಯ ಶಿಕ್ಷಕರು ದಿನಾ ಎಲ್ಲ ವಿಷಯಕ್ಕೂ ಕೊಡಲೇಬೇಕು ಎಂದು ಪಟ್ಟು ಹಿಡಿದಿದ್ದಾರೆ. ನೋಟ್‌ಬುಕ್ ತಿದ್ದಿ ತಿದ್ದಿ ನಿಮಗೆ ಸಾಕಾಗಿದೆ. ಕೊನೆಗೆ, "ಸುತ್ತಿ ಬಳಸಿ ಹೇಳಬೇಡಿ. ಕೊಡಬೇಕಾ, ಬೇಡವಾ?" ಎಂದು ಕೇಳಿದ್ದೀರಿ.

ಸರಿ, ನೇರವಾಗಿಯೇ ಹೇಳುತ್ತೇನೆ. ದೊಡ್ಡ ಮಕ್ಕಳಿಗೆ ಕೊಡಿ, ಆದರೆ ಅಳೆದು ಕೊಡಿ. ಚಿಕ್ಕವರಿಗೆ, ಅಂದರೆ ಐದನೇ ತರಗತಿವರೆಗೆ, ಬರೆಯುವ ಹೋಂವರ್ಕ್ ಬೇಡ, ದಿನಾ ಸ್ವಲ್ಪ ಓದಿದರೆ ಸಾಕು. ಯಾವ ವಯಸ್ಸಿನವರಿಗೇ ಕೊಡಿ, ಒಂದು ಷರತ್ತು ಇದೆ. ದೊಡ್ಡವರು ಪಕ್ಕದಲ್ಲಿ ಕೂರದೆ ಮಗು ತಾನೊಂದೇ ಅದನ್ನು ಮಾಡಿ ಮುಗಿಸುವಂತಿರಬೇಕು. ಮುಗಿಸಲು ಆಗುವುದಿಲ್ಲ ಎಂದಾದರೆ ಅದು ಮಗುವಿನ ಹೋಂವರ್ಕ್ ಅಲ್ಲ, ಅಪ್ಪ ಅಮ್ಮನದು.

ಈ ಜಗಳ ಹೊಸದೇನಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1901ರಲ್ಲೇ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಮನೆಯ ಓದು ಕಡ್ಡಾಯ ಮಾಡಬಾರದು ಎಂದು ಕಾನೂನು ಬಂದಿತ್ತು. ಆಮೇಲೆ 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು. ನಮ್ಮ ಮಕ್ಕಳು ವಿಜ್ಞಾನದಲ್ಲಿ ಹಿಂದೆ ಬಿದ್ದರು ಎಂಬ ಗಾಬರಿಯಲ್ಲಿ ಅದೇ ಅಮೆರಿಕ ಮಕ್ಕಳ ಮೇಲೆ ಹೋಂವರ್ಕ್ ಹೇರಿತು. ಫ್ರಾನ್ಸ್ ಪ್ರಾಥಮಿಕ ಶಾಲೆಗಳಲ್ಲಿ ಬರೆಯುವ ಹೋಂವರ್ಕನ್ನು 1956ರಲ್ಲಿ ನಿಷೇಧಿಸಿತು. ಆದರೂ ಅಲ್ಲಿನ ಮಕ್ಕಳು ಇವತ್ತಿಗೂ ಮನೆಯಲ್ಲಿ ಬರೆಯುವುದು ಪೂರ್ತಿ ನಿಂತಿಲ್ಲ. ಚೀನಾ 2021ರಲ್ಲಿ ಒಂದು ಎರಡನೇ ತರಗತಿಗೆ ಬರೆಯುವ ಹೋಂವರ್ಕ್ ಬೇಡವೆಂದು ಹೇಳಿ, ಅದರ ಮೇಲಿನ ಪ್ರಾಥಮಿಕ ತರಗತಿಗಳಿಗೆ ದಿನಕ್ಕೆ ಒಂದು ಗಂಟೆಯ ಮಿತಿ ಹಾಕಿತು. ಭಾರತದ 2020ರ ಶಾಲಾ ಬ್ಯಾಗ್ ನೀತಿಯಲ್ಲೂ ಇದೇ ಮಾತಿದೆ. ಎರಡನೇ ತರಗತಿವರೆಗೆ ಹೋಂವರ್ಕ್ ಇಲ್ಲ. ಮೂರರಿಂದ ಐದಕ್ಕೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ. ಆರರಿಂದ ಎಂಟಕ್ಕೆ ದಿನಕ್ಕೆ 1 ಗಂಟೆ, ಒಂಬತ್ತರ ಮೇಲೆ ದಿನಕ್ಕೆ 2 ಗಂಟೆ. ವಾರಕ್ಕೆ 2 ಗಂಟೆ, ದಿನಕ್ಕಲ್ಲ. ಮುಖ್ಯ ಶಿಕ್ಷಕರ ಮುಂದೆ ಈ ಸಾಲನ್ನು ಮಾತ್ರ ಇನ್ನೊಂದು ಸಲ ಓದಿ ಹೇಳಿ.

ನಿಯಮ ಎಷ್ಟು ಬಂದರೂ ಡೈರಿ ತುಂಬುವುದು ನಿಲ್ಲುವುದಿಲ್ಲ. ಯಾಕೆಂದರೆ ಹೋಂವರ್ಕ್ ಕೊಟ್ಟರೆ ಕಲಿಕೆ ನಡೆದೇ ನಡೆಯುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಈ ನಂಬಿಕೆ ಎಷ್ಟರಮಟ್ಟಿಗೆ ನಿಜ?

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 2006ರಲ್ಲಿ ಈ ವಿಷಯದ ಹಲವಾರು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದರು. ಏಳನೇ ತರಗತಿ ಮತ್ತು ಅದರ ಮೇಲಿನವರಲ್ಲಿ ಹೋಂವರ್ಕಿಗೂ ಓದಿನಲ್ಲಿ ಮುಂದಿರುವುದಕ್ಕೂ ಸಂಬಂಧ ಚೆನ್ನಾಗಿಯೇ ಕಂಡಿತು. ಅದಕ್ಕಿಂತ ಚಿಕ್ಕವರಲ್ಲಿ ಆ ಸಂಬಂಧ ಹೆಚ್ಚುಕಡಿಮೆ ಸೊನ್ನೆ. ಇಲ್ಲಿ ಒಂದು ಎಚ್ಚರ ಬೇಕು. ಓದಿನಲ್ಲಿ ಕಷ್ಟಪಡುವ ಪುಟ್ಟ ಮಗು ಅದೇ ಲೆಕ್ಕಕ್ಕೆ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ. ಹಾಗಾಗಿ ಎಷ್ಟು ಹೊತ್ತು ಬರೆಯಿತು ಎಂಬುದನ್ನಷ್ಟೇ ನೋಡಿದರೆ ಲೆಕ್ಕ ತಪ್ಪುತ್ತದೆ. ಕೂಪರ್ ಕೂಡ ಹೋಂವರ್ಕ್ ಕಿತ್ತುಹಾಕಿ ಎಂದವರಲ್ಲ. ತರಗತಿಗೆ ಹತ್ತು ನಿಮಿಷದಂತೆ ಎಂಬ ಅಂದಾಜಿನ ಪರ ಇದ್ದವರು. ಮೂರನೇ ತರಗತಿಗೆ ಮೂವತ್ತು ನಿಮಿಷ, ಆರಕ್ಕೆ ಒಂದು ಗಂಟೆ. ಅದು ಎಲ್ಲ ವಿಷಯ ಸೇರಿ. ಗಣಿತಕ್ಕೆ ಅರ್ಧ ಗಂಟೆ, ಭಾಷೆಗೆ ಅರ್ಧ ಗಂಟೆ, ವಿಜ್ಞಾನಕ್ಕೆ ಇನ್ನರ್ಧ ಗಂಟೆ ಅಂತಲ್ಲ. ಆರು ಶಿಕ್ಷಕರು ಒಬ್ಬರನ್ನೊಬ್ಬರು ಕೇಳದೆ "ಸ್ವಲ್ಪವೇ" ಕೊಟ್ಟರೆ ರಾತ್ರಿ ಹತ್ತು ಗಂಟೆ ಆಗದೆ ಇನ್ನೇನಾಗುತ್ತದೆ? ನಿಮ್ಮ ಶಾಲೆಯಲ್ಲಿ ಯಾವ ದಿನ ಯಾವ ವಿಷಯ ಎಂದು ಶಿಕ್ಷಕರೇ ಕೂತು ಹಂಚಿಕೊಂಡರೆ ಅರ್ಧ ತೊಂದರೆ ಅಲ್ಲಿಗೇ ತೀರಿತು.

ದೇಶ ದೇಶಗಳ ಹೋಲಿಕೆ ತೆಗೆದು ವಾದ ಮಾಡುವವರೂ ನಿಮಗೆ ಸಿಗುತ್ತಾರೆ. ಹದಿನೈದು ವರ್ಷದ ಮಕ್ಕಳ ಪೀಸಾ ಪರೀಕ್ಷೆಯ 2012ರ ಅಂಕಿಗಳನ್ನು ನೋಡಿ. ಶಾಂಘೈ ಮಕ್ಕಳು ವಾರಕ್ಕೆ ಸುಮಾರು 14 ಗಂಟೆ ಹೋಂವರ್ಕ್ ಮಾಡುತ್ತಿದ್ದರು. ಫಿನ್‌ಲ್ಯಾಂಡ್, ಕೊರಿಯಾ ಮಕ್ಕಳು 3 ಗಂಟೆಯೂ ಮಾಡುತ್ತಿರಲಿಲ್ಲ. ಮೂವರೂ ಚೆನ್ನಾಗಿಯೇ ಅಂಕ ತೆಗೆದವರು. ಕೊರಿಯಾದಲ್ಲಿ ಹೋಂವರ್ಕ್ ಕಡಿಮೆ ಎಂದು ಖುಷಿಪಡುವ ಮೊದಲು ಅಲ್ಲಿನ ಬಹಳಷ್ಟು ಮಕ್ಕಳು ಸಂಜೆ ಟ್ಯೂಷನ್‌ನಲ್ಲಿ ಇರುತ್ತಾರೆ ಎಂಬುದನ್ನೂ ನೆನಪಿಟ್ಟುಕೊಳ್ಳಬೇಕು. ಈ ಹೋಲಿಕೆಯಿಂದ ಯಾರ ವಾದವೂ ಗೆಲ್ಲುವುದಿಲ್ಲ.

ಆದರೆ ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇದೆ. ನನ್ನನ್ನು ಕಾಡುವುದು ಅದು. ಅನುಕೂಲವಂತರ ಮನೆಯ ಮಕ್ಕಳು ಬಡವರ ಮನೆಯ ಮಕ್ಕಳಿಗಿಂತ ವಾರಕ್ಕೆ ಸರಾಸರಿ ಒಂದೂವರೆ ಗಂಟೆಗೂ ಜಾಸ್ತಿ ಹೊತ್ತು ಹೋಂವರ್ಕ್ ಮಾಡುತ್ತಿದ್ದರು. ಬಡವರ ಮಕ್ಕಳು ಸೋಮಾರಿಗಳು ಅಂತ ಇದರರ್ಥವಲ್ಲ. ತರಗತಿಯೊಳಗೆ ಎಲ್ಲರಿಗೂ ಅದೇ ಬೋರ್ಡು, ಅದೇ ಶಿಕ್ಷಕಿ. ಗಂಟೆ ಹೊಡೆದು ಹೊರಗೆ ಹೋದ ಮೇಲೆ ಒಬ್ಬನಿಗೆ ಮೇಜು, ದೀಪ, ಕೇಳಿದ್ದಕ್ಕೆ ಉತ್ತರ ಹೇಳುವ ಅಮ್ಮ. ಇನ್ನೊಬ್ಬಳಿಗೆ ನೋಡಿಕೊಳ್ಳಲು ತಮ್ಮ, ಮಾಡಲು ಮನೆಗೆಲಸ, ಅಕ್ಷರ ಬಾರದ ಅಪ್ಪ. ಮರುದಿನ ನಿಮ್ಮ ಮೇಜಿನ ಮೇಲೆ ಎರಡು ನೋಟ್‌ಬುಕ್ ಬರುತ್ತವೆ. ಒಂದಕ್ಕೆ "ಗುಡ್" ಬೀಳುತ್ತದೆ, ಇನ್ನೊಂದಕ್ಕೆ ಬೈಗುಳ. ನಾವು ತಿದ್ದಿದ್ದು ಮಕ್ಕಳನ್ನೋ, ಅವರ ಮನೆಯನ್ನೋ?

ಪ್ರಾಜೆಕ್ಟ್ ಎಂಬುದಂತೂ ಇದರ ತುದಿ. ಮೂರನೇ ತರಗತಿಯ ಮಗು ಜ್ವಾಲಾಮುಖಿಯ ಮಾಡೆಲ್ ತರಬೇಕು. ಕತ್ತರಿಸುವವರು ಅಪ್ಪ, ಬಣ್ಣ ಹಚ್ಚುವವರು ಅಮ್ಮ. ಮಗು "ಮುಟ್ಟಬೇಡ, ಇನ್ನೂ ಒಣಗಿಲ್ಲ" ಎಂದು ಬೈಸಿಕೊಳ್ಳುತ್ತಾ ಪಕ್ಕದಲ್ಲಿ ನಿಂತಿರುತ್ತದೆ. ಬಹುಮಾನ ಚೆಂದದ ಮಾಡೆಲ್‌ಗೆ. ಮಾಡೆಲ್ ಮಾಡಿಸಲೇಬೇಕೆಂದರೆ ಶಾಲೆಯಲ್ಲೇ, ನಿಮ್ಮ ಕಣ್ಣೆದುರೇ ಮಾಡಿಸಿ. ಸೊಟ್ಟಗಾದರೂ ಪರವಾಗಿಲ್ಲ.

ಹಾಗಾದರೆ ದೊಡ್ಡ ಮಕ್ಕಳಿಗಾದರೂ ಯಾಕೆ ಕೊಡಬೇಕು ಎಂದು ನೀವು ಕೇಳಬಹುದು. ಮರೆವಿನ ಕಾರಣಕ್ಕೆ. ಜರ್ಮನಿಯ ಎಬಿಂಗ್‌ಹೌಸ್ ಎಂಬ ವಿದ್ವಾಂಸ ಅರ್ಥವಿಲ್ಲದ ಅಕ್ಷರಗಳ ಸಾಲನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇನೆ ಎಂದು ಅಳೆದ. 1885ರಲ್ಲಿ ಅದನ್ನು ಪ್ರಕಟಿಸಿದ. ಒಂದು ದಿನ ಕಳೆದು ಮತ್ತೆ ಕಲಿಯಲು ಹೊರಟರೆ ಮೊದಲ ಸಲದ ಶ್ರಮದಲ್ಲಿ ಮೂರನೇ ಒಂದು ಭಾಗದಷ್ಟು ಮಾತ್ರ ಉಳಿತಾಯವಾಗುತ್ತಿತ್ತು. ಮಿಕ್ಕಿದ್ದು ಹೋಗಿಯೇಬಿಟ್ಟಿರುತ್ತಿತ್ತು. ನಡುನಡುವೆ ಬಿಡುವು ಕೊಟ್ಟು ಮತ್ತೆ ಮತ್ತೆ ನೆನಪಿಸಿಕೊಂಡರೆ ಮರೆವು ನಿಧಾನವಾಗುತ್ತದೆ. ಹೋಂವರ್ಕಿನಿಂದ ಆಗಬೇಕಾದದ್ದು ಇದು. ಇವತ್ತು ಬೋರ್ಡಿನ ಮೇಲೆ ಬರೆದದ್ದನ್ನು ಇವತ್ತೇ ಮತ್ತೆ ನೋಡಿ ಬರೆಯುವುದು ಅಲ್ಲ.

ಇನ್ನೆರಡು ಪ್ರಯೋಗ ಹೇಳುತ್ತೇನೆ. ಪ್ರಶ್ನೆ ತಯಾರಿಸುವಾಗ ನಿಮಗೆ ಕೆಲಸಕ್ಕೆ ಬರುತ್ತವೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಾಠ ಓದಿಸಿದರು. ಕೆಲವರು ಅದನ್ನೇ ಇನ್ನೊಮ್ಮೆ ಓದಿದರು. ಕೆಲವರು ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೊಮ್ಮೆ ಓದಿದವರೇ ಮುಂದೆ. ವಾರ ಬಿಟ್ಟು ಕೇಳಿದಾಗ ಅವರಿಗೆ ನೆನಪಿದ್ದದ್ದು ಶೇ. 42, ಪುಸ್ತಕ ಮುಚ್ಚಿ ಬರೆದವರಿಗೆ ಶೇ. 56. ನಮ್ಮ ಮಕ್ಕಳು ಮನೆಯಲ್ಲಿ ಏನು ಮಾಡುತ್ತಾರೆ? ಪುಸ್ತಕ ತೆರೆದಿಟ್ಟು "ಬಿಟ್ಟ ಸ್ಥಳ ತುಂಬಿರಿ" ತುಂಬುತ್ತಾರೆ. ಪ್ರಶ್ನೋತ್ತರವನ್ನು ಗೈಡ್ ನೋಡಿ ಇಳಿಸುತ್ತಾರೆ. ಕೈ ನೋಯುತ್ತದೆ, ತಲೆಗೆ ಏನೂ ಹೋಗುವುದಿಲ್ಲ. ಅದರ ಬದಲು, "ನಿನ್ನೆಯ ವಿಜ್ಞಾನ ಪಾಠದಲ್ಲಿ ನೆನಪಿರುವ ಐದು ಸಂಗತಿ ಪುಸ್ತಕ ನೋಡದೆ ಬರಿ. ಆಮೇಲೆ ಪುಸ್ತಕ ತೆಗೆದು ಬಿಟ್ಟುಹೋದದ್ದನ್ನು ಬೇರೆ ಬಣ್ಣದಲ್ಲಿ ಸೇರಿಸು" ಎಂದು ಹೇಳಿ ನೋಡಿ. ಕಾಲು ಗಂಟೆಯ ಕೆಲಸ. ಬೇರೆ ಬಣ್ಣದಲ್ಲಿರುವುದನ್ನು ನೋಡಿದರೆ ಸಾಕು, ಇಡೀ ತರಗತಿಗೆ ಏನು ಬಂದಿಲ್ಲ ಎಂಬುದು ನಿಮಗೆ ಗೊತ್ತಾಗುತ್ತದೆ.

ಇನ್ನೊಂದು ಗಣಿತದ್ದು. ರೋರರ್ ಮತ್ತು ಟೇಲರ್ 2007ರಲ್ಲಿ ಪ್ರಕಟಿಸಿದ್ದು. ಒಂದು ಗುಂಪು ಒಂದೇ ಬಗೆಯ ಲೆಕ್ಕಗಳನ್ನು ಸಾಲಾಗಿ ಮಾಡಿತು, ಆಮೇಲೆ ಇನ್ನೊಂದು ಬಗೆಯವು. ಇನ್ನೊಂದು ಗುಂಪಿಗೆ ಎಲ್ಲ ಬಗೆಯವನ್ನೂ ಕಲಸಿ ಕೊಟ್ಟರು. ಅಭ್ಯಾಸ ಮಾಡುವಾಗ ಮೊದಲ ಗುಂಪಿನದು ಶೇ. 89 ಸರಿ, ಕಲಸಿದ ಗುಂಪಿನದು ಶೇ. 60 ಮಾತ್ರ. ವಾರದ ನಂತರ ಪರೀಕ್ಷೆ ಮಾಡಿದರೆ ಪೂರ್ತಿ ತಿರುವುಮುರುವು. ಮೊದಲ ಗುಂಪು ಶೇ. 20ಕ್ಕೆ ಇಳಿಯಿತು, ಕಲಸಿದ ಗುಂಪು ಶೇ. 63ರಲ್ಲಿ ನಿಂತಿತು. ಕಾರಣ ಸರಳ. ಭಾಗಾಕಾರದ ಪಾಠದ ಕೆಳಗೆ ಇಪ್ಪತ್ತು ಭಾಗಾಕಾರ ಕೊಟ್ಟರೆ ಮಗು ಪ್ರಶ್ನೆಯನ್ನು ಓದುವುದೇ ಇಲ್ಲ. ಎರಡು ಸಂಖ್ಯೆ ಕಂಡರೆ ಭಾಗಿಸುತ್ತದೆ, ಅಷ್ಟೇ. ಇದು ಕೂಡಬೇಕಾದದ್ದೋ, ಗುಣಿಸಬೇಕಾದದ್ದೋ ಎಂದು ತೀರ್ಮಾನಿಸುವ ಕೆಲಸವನ್ನು ಪಾಠದ ತಲೆಬರಹವೇ ಮಾಡಿಟ್ಟಿರುತ್ತದೆ. ಹಾಗಾಗಿ ಇಪ್ಪತ್ತರ ಬದಲು ಆರು ಲೆಕ್ಕ ಕೊಡಿ. ಎರಡು ಇವತ್ತಿನವು, ಎರಡು ಕಳೆದ ವಾರದವು, ಎರಡು ಕಳೆದ ತಿಂಗಳವು. ಮಕ್ಕಳು ಜಾಸ್ತಿ ತಪ್ಪು ಮಾಡುತ್ತಾರೆ. ಪೋಷಕರು "ಮೊದಲು ಎಲ್ಲ ಸರಿ ಮಾಡ್ತಿದ್ದ" ಎಂದು ದೂರುತ್ತಾರೆ. ತಡೆದುಕೊಳ್ಳಿ.

ಐದನೇ ತರಗತಿವರೆಗಿನವರ ಓದಿನ ಬಗ್ಗೆ ಜಾಸ್ತಿ ಹೇಳಬೇಕಾದದ್ದಿಲ್ಲ. ಮಗು ತಾನೇ ಆರಿಸಿಕೊಂಡ ಪುಸ್ತಕ, ಹದಿನೈದು ನಿಮಿಷ, ಕೊನೆಗೆ ಪ್ರಶ್ನೆ ಇಲ್ಲ. ಇನ್ನೂ ಅಕ್ಷರ ಕೂಡಿಸಿ ಓದುವ ಮಗುವಿಗೆ ಚಿತ್ರ ಜಾಸ್ತಿ, ಸಾಲು ಕಡಿಮೆ ಇರುವ ಪುಸ್ತಕ ಕೊಟ್ಟು ಕಳಿಸಿ. ಓದಿದ್ದಕ್ಕೆ ಡೈರಿಯಲ್ಲಿ ಸಹಿ ಹಾಕಿಸುವ ಪದ್ಧತಿ ನನಗೆ ಇಷ್ಟವಿಲ್ಲ. ಸಹಿ ಕೇಳಿದ ಕೂಡಲೇ ಓದುವುದೂ ಒಂದು ಒಪ್ಪಿಸುವ ಕೆಲಸವಾಗುತ್ತದೆ.

ಶಿಸ್ತಿನ ಮಾತು. ಹೋಂವರ್ಕ್ ಇಲ್ಲದಿದ್ದರೆ ಮಕ್ಕಳು ಮೊಬೈಲ್ ಹಿಡಿದು ಕೂರುತ್ತವೆ ಎಂದು ಪೋಷಕರು ಹೇಳುತ್ತಾರೆ ಎಂದು ಬರೆದಿದ್ದೀರಿ. ಮೊಬೈಲ್ ಮನೆಯದು, ಅದನ್ನು ತೆಗೆದಿಡುವ ಕೆಲಸವೂ ಮನೆಯದೇ. ಮಗುವನ್ನು ಸುಮ್ನೆ ಕೂರಿಸುವುದಕ್ಕೆ ಶಾಲೆ ಲೆಕ್ಕ ಕೊಡಬೇಕಾಗಿಲ್ಲ. ಮೊಬೈಲ್ ಎಂದಾಗ ನೆನಪಾಯಿತು. ಈಗ ಪ್ರಶ್ನೆ ಕೇಳಿದರೆ ಪ್ರಬಂಧವನ್ನೇ ಬರೆದುಕೊಡುವ ಎಐ ಆ್ಯಪ್‌ಗಳು ಬಂದಿವೆ. "ಪರಿಸರ ಮಾಲಿನ್ಯದ ಬಗ್ಗೆ ಎರಡು ಪುಟ" ಎಂಬ ಹೋಂವರ್ಕಿನ ಕಾಲ ಮುಗಿಯಿತು ಎಂದೇ ಇಟ್ಟುಕೊಳ್ಳಿ. ಮನೆಯಲ್ಲಿ ಓದಿ ಯೋಚಿಸಿ ಬರಲಿ, ಬರೆಯುವುದನ್ನು ತರಗತಿಯಲ್ಲಿ ಮಾಡಿಸಿ.

ನೋಟ್‌ಬುಕ್ ರಾಶಿಗೆ ಬರೋಣ. ಯಾರೂ ನೋಡದ ಹೋಂವರ್ಕ್ ಕೊಡದಿರುವುದೇ ಮೇಲು. ಹಾಗೆಂದು ಪ್ರತಿ ಪುಟಕ್ಕೂ ಕೆಂಪು ಇಂಕು ಬೀಳಬೇಕಾಗಿಲ್ಲ. ಲೆಕ್ಕದ ಉತ್ತರಗಳನ್ನು ಬೆಳಿಗ್ಗೆ ಬೋರ್ಡಿನ ಮೇಲೆ ಬರೆಯಿರಿ, ಮಕ್ಕಳೇ ತಿದ್ದಿಕೊಳ್ಳಲಿ. ದಿನಕ್ಕೆ ಎಂಟು ಹತ್ತು ನೋಟ್‌ಬುಕ್ ಮಾತ್ರ ತೆಗೆದುಕೊಂಡು, ಅಂಕ ಹಾಕದೆ ಒಂದು ಸಾಲು ಬರೆಯಿರಿ. "ದಶಕ ತೆಗೆದುಕೊಂಡದ್ದು ಸರಿ, ಕಳೆಯುವಾಗ ಮರೆತೆ" ಅನ್ನುವಂಥದ್ದು. ಅಂಕ ಹಾಕದೆ ಎಂದು ಬೇಕೆಂದೇ ಹೇಳಿದೆ. ರುತ್ ಬಟ್ಲರ್ ಎಂಬ ಸಂಶೋಧಕಿ ಇಸ್ರೇಲ್‌ನ ಶಾಲಾ ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿ 1988ರಲ್ಲಿ ಬರೆದರು. ಬರೀ ಟಿಪ್ಪಣಿ ಪಡೆದ ಮಕ್ಕಳು ಮುಂದಿನ ಕೆಲಸದಲ್ಲಿ ಸುಧಾರಿಸಿದರು. ಅಂಕದ ಜತೆಗೆ ಟಿಪ್ಪಣಿ ಪಡೆದವರಲ್ಲಿ ಆ ಲಾಭ ಕಾಣಲಿಲ್ಲ. ಅಂಕ ಕಂಡ ಮೇಲೆ ಕೆಳಗೆ ಏನು ಬರೆದಿದೆ ಎಂದು ಯಾರು ಓದುತ್ತಾರೆ, ಅಲ್ವಾ?

ಮಾಡದೆ ಬರುವ ಮಕ್ಕಳನ್ನು ಏನು ಮಾಡಲಿ ಎಂದೂ ಕೇಳಿದ್ದೀರಿ. "ನೂರು ಸಲ ಬರಿ" ಎಂಬ ಇಂಪೊಸಿಷನ್ ಮಾತ್ರ ಬೇಡ. ಶಿಕ್ಷೆಯಾಗಿ ಬರೆದ ಮಗುವಿಗೆ ಬರವಣಿಗೆಯೇ ಶಿಕ್ಷೆ ಅನಿಸತೊಡಗುತ್ತದೆ. ಮೊದಲು ಪಕ್ಕಕ್ಕೆ ಕರೆದು ಯಾಕೆ ಎಂದು ಕೇಳಿ. ಪಾಠ ಅರ್ಥವಾಗಿರಲಿಲ್ಲ ಎಂದರೆ ಅದು ನಿಮಗೆ ಬೇಕಾದ ಸುದ್ದಿಯೇ. ಮತ್ತೊಮ್ಮೆ ಹೇಳಿಕೊಡಿ. ಮನೆಯಲ್ಲಿ ಕೂರಲು ಜಾಗವಿಲ್ಲ, ಹೊತ್ತಿಲ್ಲ ಎಂದರೆ ಬಿಡುವಿನ ಪೀರಿಯಡ್‌ನಲ್ಲಿ ಶಾಲೆಯಲ್ಲೇ ಮುಗಿಸಲು ಬಿಡಿ. ಸುಮ್ನೆ ಮಾಡಲಿಲ್ಲ ಎಂದರೆ, ಅವನೂ ಅಲ್ಲೇ ಕೂತು ಮುಗಿಸಲಿ. ಆಟದ ಪೀರಿಯಡ್ ಮಾತ್ರ ಕಸಿಯಬೇಡಿ.

ರಜೆಯ ಹೋಂವರ್ಕ್ ಬಗ್ಗೆ ನಿಮ್ಮ ಪತ್ರದ ಕೊನೆಯಲ್ಲಿ ಒಂದು ಸಾಲಿತ್ತು. ಶಾಲೆ ಶುರುವಾಗುವ ಹಿಂದಿನ ಎರಡು ದಿನದಲ್ಲಿ ಇಡೀ ಮನೆ ಕೂತು ಅದನ್ನು ಬರೆದು ಮುಗಿಸುತ್ತದೆ ಎಂದು ನೀವೇ ಹೇಳಿದ್ದೀರಿ. ಗೊತ್ತಿದ್ದೂ ಯಾಕೆ ಕೊಡುತ್ತೀರಿ ಮೇಡಂ? ಈ ಸಲ ಶಾಲೆಯ ಲೈಬ್ರರಿಯಿಂದ ಮಗುವಿಗೆ ಎರಡೆರಡು ಪುಸ್ತಕ ಕೊಟ್ಟು ಕಳಿಸಿ. ಒಂದೆರಡು ಹರಿದು ಬರುತ್ತವೆ. ಬರಲಿ.

ವಿಶ್ವಾಸದಿಂದ,
ಸಂಪಾದಕ