ನಡುವಿನ 28 ದಿನ ಎಲ್ಲಿ ಹೋಯಿತು?

ಪ್ರಿಯ ಗೆಳೆಯರೇ,

ತೀರ್ಥಹಳ್ಳಿಯಿಂದ ನೀವು ಕಳಿಸಿದ ಹತ್ತು ಪುಟದ ಲೇಖನ ತಲುಪಿತು. ಎರಡು ಸಲ ಓದಿದೆ. 2018ರ ಕೋಪಾ ಲಿಬರ್ಟಡೋರೆಸ್ ಫುಟ್‌ಬಾಲ್ ಫೈನಲ್ ಬಗ್ಗೆ ಬರೆದಿದ್ದೀರಿ. ಅರ್ಜೆಂಟೀನಾದ ಬ್ಯೂನಸ್ ಐರಿಸ್ ಎಂಬ ಒಂದೇ ಊರಿನ ಎರಡು ಕ್ಲಬ್‌ಗಳು, ಬೋಕಾ ಜೂನಿಯರ್ಸ್ ಮತ್ತು ರಿವರ್ ಪ್ಲೇಟ್. ದಕ್ಷಿಣ ಅಮೆರಿಕದ ದೊಡ್ಡ ಕಪ್‌ನ ಫೈನಲ್‌ನಲ್ಲಿ ಅವು ಎದುರಾದದ್ದು ಅದೇ ಮೊದಲು. ಇದನ್ನು ಮಲೆನಾಡಿನ ಒಬ್ಬರು ಕನ್ನಡದಲ್ಲಿ ಬರೆದಿದ್ದಾರೆ ಅಂತ ಗೊತ್ತಾದಾಗ ತುಂಬಾ ಖುಷಿಯಾಯಿತು. ಆದರೆ ಲೇಖನವನ್ನು ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದ.

ನವೆಂಬರ್ 11ರ ಮೊದಲ ಲೆಗ್‌ಗೆ, ಅಂದರೆ ಎರಡು ಪಂದ್ಯದ ಫೈನಲ್‌ನ ಮೊದಲ ಪಂದ್ಯಕ್ಕೆ, ನಾಲ್ಕು ಪುಟ ಕೊಟ್ಟಿದ್ದೀರಿ. ಡಿಸೆಂಬರ್ 9ರ ಎರಡನೇ ಲೆಗ್‌ಗೆ ಐದು. ಅವೆರಡರ ನಡುವೆ 28 ದಿನ ಇತ್ತು. ಅದಕ್ಕೆ ನೀವು ಕೊಟ್ಟದ್ದು ಒಂದೇ ವಾಕ್ಯ: ‘ಕೆಲವು ಅಹಿತಕರ ಘಟನೆಗಳ ಬಳಿಕ ಪಂದ್ಯವು ಮ್ಯಾಡ್ರಿಡ್‌ಗೆ ಸ್ಥಳಾಂತರಗೊಂಡಿತು.’ ಅದರ ಪಕ್ಕದಲ್ಲೇ ಇನ್ನೊಂದು ಸಾಲು: ‘ಆಗ ನಮ್ಮ ಮನೆಯಲ್ಲಿ ಅಡಿಕೆ ಸುಲಿತ ನಡೆಯುತ್ತಿತ್ತು.’ ಆಮೇಲೆ ಅಜ್ಜಿ ಕೇಳಿದ ಒಂದು ಪ್ರಶ್ನೆ. ಅಷ್ಟು ಹೇಳಿ ಮತ್ತೆ ಆಟಕ್ಕೆ ಹೋಗಿಬಿಟ್ಟಿರಿ.

ನನ್ನ ಮಟ್ಟಿಗೆ ನಿಮ್ಮ ಲೇಖನ ಇರುವುದೇ ಆ ಜಾಗದಲ್ಲಿ.

ನಾನೂ ಸಾಗರದ ಕಡೆಯವನು. ಸುಲಿತದ ರಾತ್ರಿ ಹೇಗಿರುತ್ತದೆ ಅಂತ ನನಗೆ ಗೊತ್ತು. ಚಪ್ಪರದಡಿ ಒಂದು ಬಲ್ಬು, ಹಸಿ ಅಡಿಕೆ ರಾಶಿ, ಸಾಲಾಗಿ ಮೆಟ್ಟುಗತ್ತಿ, ಸಿಪ್ಪೆಯ ವಾಸನೆ, ಆಚೆ ಕಡೆ ಹಂಡೆಯಲ್ಲಿ ಬೇಯುವ ಅಡಿಕೆ. ಮಾತಾಡಲು ಅಷ್ಟು ಹೊತ್ತು ಬೇರೆಲ್ಲಿ ಸಿಗುತ್ತದೆ? ಅಂಥ ಕಡೆ ಕೂತು ನೀವು ದಿನಾ ಫೋನ್ ನೋಡುತ್ತಿದ್ದಿರಿ. ಈವತ್ತು ಪಂದ್ಯ ಅಂದರು, ನಾಳೆ ಅಂದರು, ಇಲ್ಲ ಅಂದರು, ದೇಶವೇ ಬೇರೆ ಅಂದರು. ಆ ಕಾಯುವಿಕೆ ನಿಮ್ಮದು. ಗೋಲುಗಳ ವಿವರ ಯಾರಿಗೆ ಬೇಕಾದರೂ ಸಿಗುತ್ತದೆ.

ಅಜ್ಜಿ ಕೇಳಿದ್ದು ಎಷ್ಟು ಒಳ್ಳೆಯ ಪ್ರಶ್ನೆ ನೋಡಿ: ‘ಒಂದು ಆಟಕ್ಕೆ ಎರಡು ಸಲ ಯಾಕೆ ಆಡ್ತಾರೆ? ಮೊದಲು ಆಡಿದ್ದು ಲೆಕ್ಕಕ್ಕಿಲ್ವಾ?’ ನೀವು ‘ನಗುತ್ತಾ ಸುಮ್ಮನಾದೆ’ ಅಂತ ಬರೆದು ಮುಂದೆ ಹೋಗಿದ್ದೀರಿ. ಸುಮ್ಮನಾಗಬಾರದಿತ್ತು. ಫುಟ್‌ಬಾಲ್ ಗೊತ್ತಿಲ್ಲದ ಓದುಗರೆಲ್ಲ ಅಜ್ಜಿಯ ಜೊತೆಗೇ ಕೂತು ಅದೇ ಪ್ರಶ್ನೆ ಕೇಳುತ್ತಿರುತ್ತಾರೆ. ಉತ್ತರವೂ ನಿಮ್ಮ ಚಪ್ಪರದಲ್ಲೇ ಇದೆ. ಈ ರಾತ್ರಿ ಸುಲಿದ ಡಬ್ಬದ ಲೆಕ್ಕ ಪುಸ್ತಕಕ್ಕೆ ಹೋಗುತ್ತದೆ, ನಾಳೆಯದು ಅದರ ಕೆಳಗೆ ಬರುತ್ತದೆ, ಕೊನೆಗೆ ಒಟ್ಟು ಮಾಡುತ್ತಾರೆ. ಎರಡು ಲೆಗ್‌ ಅಂದರೆ ಅದೇ ಅಲ್ವಾ? ಒಂದು ಸಲ ಅವರ ಮೈದಾನ, ಒಂದು ಸಲ ಇವರದು, ಗೋಲು ಎರಡೂ ಸೇರಿಸಿ ಎಣಿಕೆ.

ಒಂದು ಉದಾಹರಣೆ ಬೇಕಿದ್ದರೆ ಯುರೋಪಿನ ಕ್ಲಬ್‌ಗಳ 1988ರ ಯುಇಎಫ್‌ಎ ಕಪ್ ಫೈನಲ್ ತೆಗೆದುಕೊಳ್ಳಿ. ಮೊದಲ ಲೆಗ್‌ನಲ್ಲಿ ಸ್ಪೇನ್‌ನ ಎಸ್ಪಾನ್ಯೋಲ್ 3-0ರಿಂದ ಗೆದ್ದಿತು. ಎರಡು ವಾರದ ನಂತರ ಜರ್ಮನಿಯಲ್ಲಿ ಬಾಯರ್ ಲೆವರ್ಕುಸನ್ ದ್ವಿತೀಯಾರ್ಧವೊಂದರಲ್ಲೇ ಮೂರು ಗೋಲು ಹೊಡೆದು ಸಮ ಮಾಡಿತು. ಪೆನಾಲ್ಟಿಯಲ್ಲಿ ಕಪ್ಪನ್ನೂ ಗೆದ್ದಿತು. ಇದನ್ನು ಹೇಳಿದರೆ ಅಜ್ಜಿಗೂ ಅರ್ಥವಾಗುತ್ತದೆ. ನಾಲ್ಕು ಸಾಲಿಗಿಂತ ಜಾಸ್ತಿ ಬೇಡ.

ಈಗ ತಪ್ಪುಗಳ ವಿಷಯ. ಬೇಜಾರು ಮಾಡಿಕೊಳ್ಳಬೇಡಿ, ಎರಡು ದೊಡ್ಡವು ಇವೆ.

ಮೊದಲ ಲೆಗ್ 2-2ರಲ್ಲಿ ಮುಗಿದಾಗ ‘ಎದುರಾಳಿಯ ಅಂಗಳದಲ್ಲಿ ಎರಡು ಗೋಲು ಹೊಡೆದ ರಿವರ್ ಪ್ಲೇಟ್‌ಗೆ ಅರ್ಧ ಕಪ್ ಸಿಕ್ಕಂತಾಯಿತು’ ಅಂತ ಬರೆದಿದ್ದೀರಿ. ಇಲ್ಲ. ಒಟ್ಟು ಗೋಲು ಸಮವಾದರೆ ಹೊರಗಿನ ಮೈದಾನದ ಗೋಲಿಗೆ ಹೆಚ್ಚು ಬೆಲೆ ಕೊಡುವ ನಿಯಮ ಸೆಮಿಫೈನಲ್‌ವರೆಗೆ ಮಾತ್ರ ಇತ್ತು. ಫೈನಲ್‌ಗೆ ಇರಲಿಲ್ಲ. ಸೆಮಿಫೈನಲ್‌ನಲ್ಲಿ ರಿವರ್ ತನ್ನ ಮನೆಯಲ್ಲಿ ಬ್ರೆಜಿಲ್‌ನ ಗ್ರೇಮಿಯೋಗೆ 0-1ರಿಂದ ಸೋತು, ಅಲ್ಲಿ ಹೋಗಿ 2-1ರಿಂದ ಗೆದ್ದು ಫೈನಲ್‌ಗೆ ಬಂದದ್ದು ಆ ನಿಯಮದಿಂದಲೇ. ಫೈನಲ್‌ನಲ್ಲಿ ಅದು ಕೈಗೆ ಸಿಗಲಿಲ್ಲ. ಅಂದರೆ ಆ 28 ದಿನ ಎರಡೂ ತಂಡ ಸರಿಸಮ. ಯಾರಿಗೂ ಒಂದು ಕೂದಲಿನಷ್ಟು ಮೇಲುಗೈ ಇಲ್ಲ. ನಿಮ್ಮ ತಪ್ಪಿನಿಂದ ಲೇಖನದ ಬಿಗಿಯೇ ಸಡಿಲವಾಗಿದೆ. ಸರಿ ಮಾಡಿದರೆ ಅದು ತಾನಾಗಿ ಬಿಗಿಯಾಗುತ್ತದೆ.

ಇನ್ನೊಂದು: ಎರಡನೇ ಲೆಗ್‌ಗೆ ಮೊದಲು ಬೋಕಾ ಬಸ್ಸಿನ ಮೇಲಾದ ಕಲ್ಲು ತೂರಾಟದಿಂದ ಬೇಸತ್ತು 2019ರಿಂದ ಒಂದೇ ಪಂದ್ಯದ ಫೈನಲ್ ಮಾಡಿದರು ಅಂದಿದ್ದೀರಿ. ಆ ತೀರ್ಮಾನ 2018ರ ಫೆಬ್ರುವರಿಯಲ್ಲೇ ಆಗಿತ್ತು. ಹಾಗಾಗಿ ಆಟ ಶುರುವಾಗುವ ಮೊದಲೇ ಎಲ್ಲರಿಗೂ ಗೊತ್ತಿತ್ತು, ಲಿಬರ್ಟಡೋರೆಸ್‌ನಲ್ಲಿ ಎರಡು ಲೆಗ್‌ನ ಫೈನಲ್ ಇದೇ ಕೊನೆ ಅಂತ. ಇದನ್ನು ಕೊನೆಯ ಪುಟದಿಂದ ತೆಗೆದು ಮೊದಲೇ ಹೇಳಿ.

ಮಳೆಯ ವಿಷಯಕ್ಕೆ ಬರುತ್ತೇನೆ. ಮೊದಲ ಲೆಗ್ ಆಗಬೇಕಿದ್ದದ್ದು ನವೆಂಬರ್ 10ಕ್ಕೆ. ಬೋಕಾದ ಬೊಂಬೊನೇರಾ ಮೈದಾನದಲ್ಲಿ ನೀರು ನಿಂತು ಒಂದು ದಿನ ಮುಂದೆ ಹೋಯಿತು. ನೀವು ‘ಮಳೆಯ ಕಾರಣ’ ಅಂತ ಎರಡು ಪದದಲ್ಲಿ ಮುಗಿಸಿದ್ದೀರಿ. ಆಗುಂಬೆಯ ಪಕ್ಕದಲ್ಲಿದ್ದುಕೊಂಡು ಮಳೆಗೆ ಎರಡೇ ಪದವೇ? ನೀರು ನಿಂತ ಗದ್ದೆಯಲ್ಲಿ ಚೆಂಡು ಒದ್ದವರು ನೀವು. ಚೆಂಡು ಉರುಳದೆ ಪಚ್ಚಂತ ಕೂತುಬಿಡುತ್ತದಲ್ಲ, ಅದನ್ನು ಬರೆಯಿರಿ. ಆಮೇಲೆ ಬೊಂಬೊನೇರಾದ ನೀರು ಓದುಗರ ಕಾಲಿಗೂ ತಾಗುತ್ತದೆ.

ಎರಡನೇ ಲೆಗ್ ಆಗಬೇಕಿದ್ದ ನವೆಂಬರ್ 24ನ್ನು ‘ಅಹಿತಕರ ಘಟನೆ’ ಅಂತ ಕರೆಯಬೇಡಿ. ಅದು ಪೊಲೀಸ್ ಪ್ರಕಟಣೆಯ ಮಾತು. ಆದದ್ದನ್ನು ಆದ ಹಾಗೆ ಹೇಳಿ. ರಿವರ್‌ನ ಮೊನುಮೆಂಟಲ್ ಕ್ರೀಡಾಂಗಣದ ಹತ್ತಿರ ಬೋಕಾ ಆಟಗಾರರ ಬಸ್ಸಿಗೆ ಕಲ್ಲು ಬಿತ್ತು. ಗಾಜು ಒಡೆಯಿತು. ನಾಯಕ ಪಾಬ್ಲೊ ಪೆರೆಸ್ ಕಣ್ಣಿಗೆ ಪೆಟ್ಟಾಗಿ ಆಸ್ಪತ್ರೆಗೆ ಹೋದರು. ಒಳಗೆ ಸಾವಿರಾರು ಜನ ಗಂಟೆಗಟ್ಟಲೆ ಕಾದರು. ಆ ದಿನ ಆಟ ಆಗಲಿಲ್ಲ, ಮಾರನೇ ದಿನವೂ ಆಗಲಿಲ್ಲ. ಕೊನೆಗೆ ಪಂದ್ಯ ಹತ್ತು ಸಾವಿರ ಕಿಲೋಮೀಟರ್ ಆಚೆ ಮ್ಯಾಡ್ರಿಡ್‌ನ ಬರ್ನಬ್ಯೂ ಕ್ರೀಡಾಂಗಣಕ್ಕೆ ಹೋಯಿತು. ಲಿಬರ್ಟಡೋರೆಸ್ ಅಂದರೆ ವಿಮೋಚಕರು, ಸ್ಪೇನ್ ಮತ್ತು ಪೋರ್ಚುಗಲ್ ಆಳ್ವಿಕೆಯಿಂದ ಆ ನಾಡುಗಳನ್ನು ಬಿಡಿಸಿದವರು, ಅವರ ಹೆಸರಿನ ಕಪ್ ಸ್ಪೇನ್ ರಾಜಧಾನಿಯಲ್ಲಿ ತೀರ್ಮಾನವಾಯಿತು ಅಂತ ನೀವು ಬರೆದ ಪ್ಯಾರಾ ಚೆನ್ನಾಗಿದೆ. ಅದನ್ನು ಮುಟ್ಟಬೇಡಿ. ಬ್ಯೂನಸ್ ಐರಿಸ್‌ನಲ್ಲಿ ಎದುರು ತಂಡದ ಅಭಿಮಾನಿಗಳಿಗೆ ಪ್ರವೇಶವೇ ಇರಲಿಲ್ಲ, ಮ್ಯಾಡ್ರಿಡ್‌ನಲ್ಲಿ ಇಬ್ಬರೂ ಒಂದೇ ಸೂರಿನಡಿ ಕೂತರು ಅನ್ನುವ ಸಾಲೂ ಹಾಗೇ ಇರಲಿ.

ಇನ್ನು ಒಂದು ಮಾತು ನೇರವಾಗಿ ಕೇಳಬೇಕು. ಮ್ಯಾಡ್ರಿಡ್‌ನಲ್ಲಿ ಆಟ ಶುರುವಾಗುವಾಗ ನಮ್ಮಲ್ಲಿ ರಾತ್ರಿ ಒಂದು ಗಂಟೆ, ತಾರೀಕು 10 ಆಗಿತ್ತು. ನೆಟ್‌ವರ್ಕ್‌ಗಾಗಿ ಮನೆ ಹಿಂದಿನ ದಿಬ್ಬ ಹತ್ತಿದಿರಿ. 1-1 ಆಗಿ ಹೆಚ್ಚುವರಿ ಸಮಯ ಶುರುವಾಗುವ ಹೊತ್ತಿಗೆ ಫೋನಿನಲ್ಲಿ ಚಿತ್ರ ನಿಂತುಹೋಯಿತು ಅಂತ ನೀವೇ ಬರೆದಿದ್ದೀರಿ. ಮುಂದಿನ ಪುಟದಲ್ಲಿ 109ನೇ ನಿಮಿಷದ, ರಿವರ್‌ನ ಕ್ವಿಂಟೆರೊ ಗೋಲು ಇದೆ. ಎಡಗಾಲಿನ ಹೊಡೆತ ಅಡ್ಡಪಟ್ಟಿಯ ಕೆಳಗೆ ಬಡಿದು ಒಳಗೆ ಹೋದದ್ದನ್ನು ಕಣ್ಣಾರೆ ಕಂಡ ಹಾಗೆ ಬರೆದಿದ್ದೀರಿ. ಎಲ್ಲಿ ನೋಡಿದಿರಿ? ಮಾರನೇ ದಿನ ನೋಡಿದ್ದರೆ ಹಾಗೇ ಹೇಳಿ. ದಿಬ್ಬದ ಮೇಲೆ ಚಳಿಯಲ್ಲಿ, ನಿಂತುಹೋದ ಚಿತ್ರ ನೋಡುತ್ತಾ ನಿಂತವರು ಆ ಗೋಲಿಗಿಂತ ನನಗೆ ಮುಖ್ಯ. ಕೊನೆಯ ಗಳಿಗೆಯಲ್ಲಿ ಬೋಕಾದ ಗೋಲ್‌ಕೀಪರ್ ಆಂದ್ರಾದ ಕಾರ್ನರ್‌ಗೆಂದು ಮುಂದೆ ಹೋಗಿದ್ದರು. ರಿವರ್‌ನ ಪಿಟಿ ಮಾರ್ಟಿನೆಸ್ ಖಾಲಿ ಗೋಲಿನ ಕಡೆ ಒಬ್ಬರೇ ಓಡಿ 3-1 ಮಾಡಿದರು, ಒಟ್ಟು 5-3. ಆಗ ನಿಮ್ಮ ಫೋನಿನಲ್ಲಿ ಏನಿತ್ತು? ಅದನ್ನು ಬರೆಯಿರಿ.

ಪದಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ‘ಪ್ರಥಮ ಚರಣ’ ಅಂದರೆ ಪದ್ಯದ ನೆನಪಾಗುತ್ತದೆ, ‘ಮೊದಲ ಲೆಗ್’ ಸಾಕು. ‘ಕಾಲ್ಚಳಕ’ ಹನ್ನೊಂದು ಸಲ ಬಂದಿದೆ, ಹತ್ತು ತೆಗೆಯಿರಿ. ‘ರೋಚಕ’ ಪೂರ್ತಿ ಬೇಡ.

ಲೇಖನವನ್ನು ಚಪ್ಪರದಿಂದ ಶುರು ಮಾಡಿ. ಆಟದ ವಿವರ ಅರ್ಧಕ್ಕೆ ಇಳಿಯಲಿ. ಸುಲಿತ ಮುಗಿಸಿಕೊಂಡೇ ಕಳಿಸಿ, ಅವಸರ ಇಲ್ಲ, ಸಂಕ್ರಾಂತಿ ಕಳೆದರೂ ನಡೆಯುತ್ತದೆ. ಒಂದು ವಿಷಯ ಮಾತ್ರ ಮರೆಯಬೇಡಿ. ಬೆಳಗಿನ ಜಾವ ದಿಬ್ಬ ಇಳಿದು ಬಂದಾಗ ಅಜ್ಜಿ ಎದ್ದಿದ್ದರಾ? ಯಾರು ಗೆದ್ದರು ಅಂತ ಕೇಳಿದರಾ?

ನಿಮ್ಮ,
ಸಂಪಾದಕ