‘ಸ್ವಲ್ಪ ದಿನ’ದ ಮನೆ

ಮನೆ ಬದಲಾಯಿಸಿದ ಮೇಲೆ ಹೊಂದಿಕೊಳ್ಳಲು ಆಗುತ್ತಿಲ್ಲ ಎಂದು ಹೇಳಿಕೊಂಡು ಆಪ್ತಸಲಹೆಗಾಗಿ ನನ್ನ ಬಳಿ ಬರುವವರು ಇತ್ತೀಚೆಗೆ ಜಾಸ್ತಿಯಾಗಿದ್ದಾರೆ. ಇಷ್ಟಪಟ್ಟು ಹೊಸ ಮನೆಗೆ ಹೋದವರು ಇವರಲ್ಲಿ ಕಡಿಮೆ. ಸಾಲ, ಪಾಲು, ವಿಚ್ಛೇದನ, ಸಾವು ಹೀಗೆ ಯಾವುದೋ ಒಂದು ಹೊಡೆತ ತಿಂದು ಮನೆ ಬಿಟ್ಟವರೇ ಹೆಚ್ಚು. ಒಬ್ಬೊಬ್ಬರ ಕಷ್ಟ ಒಂದೊಂದು ಥರ. ಆದರೆ ಒಂದು ಮಾತು ಮಾತ್ರ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: ‘ಇಲ್ಲಿ ಇರೋದು ಸ್ವಲ್ಪ ದಿನ ಅಷ್ಟೇ.’ ಒಳ್ಳೆಯ ಮನಸ್ಸಿನಿಂದಲೇ ಹೇಳುವ ಈ ಮಾತು ಒಂದು ಕುಟುಂಬವನ್ನು ಎಷ್ಟು ದಿನ ಕಟ್ಟಿಹಾಕಬಲ್ಲದು ಎಂದು ತಿಳಿಸಲು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ಮೊದಲು ಒಬ್ಬರೇ ಬಂದದ್ದು ತಾಯಿ. ಗಂಡನ ವ್ಯಾಪಾರ ಕುಸಿದು, ಸಾಲ ತೀರಿಸಲು ಸ್ವಂತ ಮನೆ ಮಾರಿ, ಬೇರೆ ಊರಿನ ಚಿಕ್ಕ ಬಾಡಿಗೆ ಮನೆಗೆ ಬಂದಿದ್ದರು. ಜನರ ಪ್ರಶ್ನೆಗಳಿಗೆ ಹೆದರಿ, ಅಕ್ಕಪಕ್ಕದವರಿಗೂ ಹೇಳದೆ ಹೊರಟಿದ್ದರು. ಮನೆಯಲ್ಲಿ ಗಂಡ, ಅತ್ತೆ, ಹತ್ತು ವರ್ಷದ ಮಗಳು, ಅವಳಿಗಿಂತ ಚಿಕ್ಕವನಾದ ಮಗ. ಬಂದು ಎಂಟು ತಿಂಗಳಾಗಿತ್ತು.

‘ನಿದ್ದೆ ಬರಲ್ಲ ಮೇಡಂ. ಕತ್ತಲಲ್ಲಿ ಎದ್ದರೆ ಬಾಗಿಲು ಯಾವ ಕಡೆ ಅಂತ ಈಗಲೂ ಗೊತ್ತಾಗಲ್ಲ. ಅರ್ಧ ಸಾಮಾನು ಇನ್ನೂ ರಟ್ಟಿನ ಪೆಟ್ಟಿಗೆಯಲ್ಲೇ ಇದೆ. ಬಿಚ್ಚೋಣ ಅಂತ ಕೂತರೆ ಕೈ ಏಳಲ್ಲ. ಮನೆ ತಾನೇ ಬದಲಾಗಿರೋದು, ಯಾರೂ ಸತ್ತಿಲ್ಲವಲ್ಲ. ನನಗ್ಯಾಕೆ ಹೀಗೆ?’

ಹೊಸ ಜಾಗದಲ್ಲಿ ನಿದ್ದೆ ಕೆಡುವುದು ಸಹಜವೇ. ಅಪರಿಚಿತ ಜಾಗದಲ್ಲಿ ಮಲಗಿದ ಮೊದಲ ರಾತ್ರಿ ಮೆದುಳಿನ ಒಂದು ಪಕ್ಕ ಇನ್ನೊಂದರಷ್ಟು ಆಳವಾಗಿ ಮಲಗುವುದಿಲ್ಲ, ಸದ್ದಿಗೆ ಬೇಗ ಎಚ್ಚರಗೊಳ್ಳುತ್ತದೆ ಎಂದು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದ್ದಾರೆ. ಆದರೆ ಅದು ಮೊದಲ ರಾತ್ರಿಯ ಮಾತು. ಎಂಟು ತಿಂಗಳಾದರೂ ನಿದ್ದೆ ಮರಳಿಲ್ಲ ಎಂದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು.

‘ಮನೆ ತಾನೇ’ ಎಂಬ ಅವರ ಮಾತಿಗೆ ಉತ್ತರವಾಗಿ ಒಂದು ಹಳೆಯ ಪಟ್ಟಿ ತೋರಿಸಿದೆ. ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಇಬ್ಬರು ಮನೋವೈದ್ಯರು 1967ರಲ್ಲಿ ಬದುಕಿನ 43 ಬದಲಾವಣೆಗಳಿಗೆ ಒಂದೊಂದು ಅಂಕ ಕೊಟ್ಟು ಮಾಡಿದ ಪಟ್ಟಿ ಅದು. ಸಂಗಾತಿಯ ಸಾವಿಗೆ 100. ಮನೆ ಬದಲಾವಣೆಗೆ ಬರೀ 20. ‘ನೋಡಿ, ನಾನು ಹೇಳಲಿಲ್ವಾ’ ಎಂದರು. ಮೇಲಿನಿಂದ ಓದುತ್ತಾ ಬನ್ನಿ ಎಂದೆ. ವ್ಯಾಪಾರದ ಏರುಪೇರಿಗೆ 39. ಹಣಕಾಸಿನ ಸ್ಥಿತಿ ಬದಲಾದರೆ 38. ಬದುಕುವ ರೀತಿಯೇ ಬದಲಾದರೆ 25. ಜನರೊಂದಿಗಿನ ಒಡನಾಟ ಬದಲಾದರೆ 18. ಎಲ್ಲ ಕೂಡಿಸಿ 140 ಆಯಿತು. ಇದರಿಂದ ಕಾಯಿಲೆ ಗುರುತಿಸಲು ಆಗುವುದಿಲ್ಲ, ನಾನು ಬಳಸುವುದೂ ಅದಕ್ಕಲ್ಲ. ಕಷ್ಟಪಟ್ಟು ಮನೆ ಬಿಟ್ಟವರು ಬಿಟ್ಟದ್ದು ಬರೀ ಮನೆಯನ್ನಲ್ಲ ಎಂದು ಕಣ್ಣಿಗೆ ಕಾಣುವ ಹಾಗೆ ಹೇಳಲು ಅದು ಸಾಕು. ಅವರು ಕಾಗದವನ್ನು ಇನ್ನೊಮ್ಮೆ ಓದಿ, ‘ಹಾಗಾದ್ರೆ ನಾನು ಸುಮ್ನೆ ಅಳ್ತಿಲ್ಲ ಅಲ್ವಾ’ ಎಂದರು.

ಮುಂದಿನ ಸಲ ಎಲ್ಲರೂ ಬನ್ನಿ ಎಂದೆ. ಈ ಬರಹಕ್ಕೆ ಕಾರಣವಾದದ್ದು ಆ ದಿನದ ಮಾತುಕತೆ.

ತಂದೆ ಬಂದದ್ದು ಒಲ್ಲದ ಮನಸ್ಸಿನಿಂದ. ಒಳ್ಳೆಯ ಮನುಷ್ಯ. ಒಬ್ಬರಿಗೂ ಬಾಕಿ ಉಳಿಸದೆ ಸಾಲ ತೀರಿಸಿದವರು. ಕುಳಿತ ತಕ್ಷಣ ಹೇಳಿದರು: ‘ಮಕ್ಕಳಿಗೇನೂ ತೊಂದರೆ ಇಲ್ಲ ಮೇಡಂ. ಇವಳೇ ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ. ಸ್ವಲ್ಪ ದಿನ ತಡ್ಕೋ, ಎಲ್ಲ ಸರಿ ಹೋಗುತ್ತೆ, ವಾಪಸ್ ಹೋಗೋಣ ಅಂತ ದಿನಾ ಹೇಳ್ತೀನಿ.’ ಗೋಡೆಗೆ ಒಂದು ಗಡಿಯಾರ ಕೂಡ ಹಾಕಿಲ್ಲ ಎಂದು ಅತ್ತೆ ಹೇಳಿದಾಗ, ‘ಬಿಟ್ಟು ಹೋಗೋ ಮನೆಗೆ ಮೊಳೆ ಯಾಕಮ್ಮ’ ಎಂದರು.

ಮಕ್ಕಳಿಗೆ ತೊಂದರೆ ಇಲ್ಲ ಎಂದರಲ್ಲ, ಆದ್ದರಿಂದ ಮಗಳನ್ನೇ ಮಾತಾಡಿಸಿದೆ. ಹೊಸ ಶಾಲೆಯಲ್ಲಿ ನಿನ್ನ ಪಕ್ಕ ಯಾರು ಕೂರ್ತಾರೆ?

‘ಒಬ್ಬಳು ಹುಡುಗಿ.’

ಫ್ರೆಂಡಾ?

‘ಇಲ್ಲ. ಅವಳು ಮಾತಾಡಿಸ್ತಾಳೆ. ನಾನು ಜಾಸ್ತಿ ಮಾತಾಡಲ್ಲ.’

ಯಾಕಮ್ಮ?

‘ನಾವು ವಾಪಸ್ ಹೋಗ್ತೀವಲ್ಲ. ಫ್ರೆಂಡ್ ಮಾಡ್ಕೊಂಡ್ರೆ ಆಗ ಇವಳನ್ನೂ ಬಿಟ್ಟು ಹೋಗಬೇಕು.’

ಸಪ್ಪಗೆ, ಲೆಕ್ಕ ಒಪ್ಪಿಸುವ ಹಾಗೆ ಹೇಳಿದಳು. ತಾಯಿ ತಿರುಗಿ ಅವಳ ಮುಖ ನೋಡಿದರು. ಹೋಂವರ್ಕ್ ಮಾಡುತ್ತಾಳೆ, ಹಟ ಮಾಡುವುದಿಲ್ಲ, ಹಳೆಯ ಮನೆಯ ಮಾತೇ ಎತ್ತುವುದಿಲ್ಲ, ಆದ್ದರಿಂದ ಚೆನ್ನಾಗಿದ್ದಾಳೆ ಎಂದು ಇಬ್ಬರೂ ನಂಬಿದ್ದರು. ಚಿಕ್ಕವನು ಮಧ್ಯೆ ಬಾಯಿ ಹಾಕಿದ: ‘ಯಾವಾಗ ಹೋಗ್ತೀವಿ ಅಪ್ಪ?’ ತಂದೆಯ ಬಾಯಿಂದ ಅಭ್ಯಾಸದಂತೆ ಬಂದದ್ದು ಅದೇ ಮಾತು: ‘ಸ್ವಲ್ಪ ದಿನ ಮಗಾ.’ ಆಗ ಮಗಳು ನನ್ನ ಕಡೆ ತಿರುಗಿ, ‘ಸ್ವಲ್ಪ ಅಂದ್ರೆ ಎಷ್ಟು ಅಂತ ಕೇಳಿದ್ರೆ ಅಪ್ಪಂಗೆ ಸಿಟ್ಟು ಬರುತ್ತೆ’ ಎಂದಳು.

ತಂದೆ ಸಿಟ್ಟಾಗಲಿಲ್ಲ. ತುಂಬ ಹೊತ್ತು ಮಾತಾಡಲಿಲ್ಲ. ಮಕ್ಕಳು ಅಜ್ಜಿಯ ಜೊತೆ ಹೊರಗೆ ಹೋದ ಮೇಲೆ ಬಾಯಿಬಿಟ್ಟರು. ಮನೆ ಮಾರಿದ್ದನ್ನು ಮಕ್ಕಳಿಗೆ ಹೇಳಿಯೇ ಇರಲಿಲ್ಲ. ಬೀಗ ಹಾಕಿ ಬಂದಿದ್ದೇವೆ ಎಂದು ಹೇಳಿದ್ದರು. ‘ಎಲ್ಲ ಕಳೆದಿದ್ದೀನಿ ಮೇಡಂ. ಅವರಿಗೆ ಆಸೆಯೊಂದನ್ನಾದರೂ ಉಳಿಸಿದ್ದೆ. ಅದನ್ನೂ ಕಿತ್ಕೊಳ್ಳಿ ಅಂತೀರಾ?’

ನಾನು ಕೊಟ್ಟ ಸಲಹೆ ಇದು. ಮನೆ ಮಾರಿದ್ದೇವೆ ಎಂದು ಮಕ್ಕಳಿಗೆ ನೀವೇ ಹೇಳಿ. ಇಬ್ಬರೂ ಕೂತು, ನಾಲ್ಕೈದು ಮಾತಿನಲ್ಲಿ ಹೇಳಿ. ಸಾಲ ಎಷ್ಟು, ತಪ್ಪು ಯಾರದು ಎಂಬುದು ಬೇಡ. ‘ವ್ಯಾಪಾರದಲ್ಲಿ ನಷ್ಟವಾಯಿತು. ಕೊಡಬೇಕಾದವರಿಗೆ ಕೊಡಲು ಮನೆ ಮಾರಿದೆವು. ನಿಮ್ಮಿಂದ ಆದದ್ದಲ್ಲ. ನಿಮ್ಮನ್ನು ನೋಡಿಕೊಳ್ಳುವುದು ನಮ್ಮ ಕೆಲಸ, ಮಾಡುತ್ತಿದ್ದೇವೆ’ ಇಷ್ಟು ಸಾಕು. ಅದರ ಜೊತೆಗೇ ಒಂದು ಅವಧಿ ಹೇಳಿ. ‘ಇನ್ನು ಎರಡು ಶಾಲಾವರ್ಷ ಈ ಊರಲ್ಲೇ ಇರುತ್ತೇವೆ. ಆಮೇಲೆ ಏನು ಮಾಡೋಣ ಅಂತ ಆಗ ಎಲ್ಲರೂ ಕೂತು ಮಾತಾಡೋಣ.’ ನಿಭಾಯಿಸಲು ಆಗುವ ಅವಧಿಯನ್ನೇ ಆರಿಸಿಕೊಳ್ಳಿ ಎಂದೂ ಹೇಳಿದೆ. ಒಮ್ಮೆ ಹೇಳಿ ಮತ್ತೆ ಬದಲಿಸಿದರೆ ಮುಂದಿನ ಮಾತನ್ನು ಮಕ್ಕಳು ನಂಬುವುದಿಲ್ಲ.

ಈ ಸಲಹೆಯನ್ನು ಒಪ್ಪದವರಿದ್ದಾರೆ. ನೆಲ ಕಚ್ಚಿದ ಮನುಷ್ಯನಿಂದ ಇನ್ನೊಂದು ಸೋಲನ್ನು ಒಪ್ಪಿಸಿದ ಹಾಗಾಯಿತು ಎಂದು ನನ್ನ ಸಹೋದ್ಯೋಗಿಯೊಬ್ಬರು ಹೇಳಿದರು. ಭರವಸೆ ಕಸಿಯುವುದು ಆಪ್ತಸಲಹೆಯಲ್ಲ ಎಂಬುದು ಅವರ ವಾದ. ಗೌರವವಿಟ್ಟೇ ಹೇಳುತ್ತೇನೆ, ನಾನು ಒಪ್ಪುವುದಿಲ್ಲ. ಒಂದು ದಿನ ಮತ್ತೆ ಸ್ವಂತ ಮನೆ ಮಾಡುತ್ತೇನೆ ಎಂಬ ಆಸೆಯನ್ನು ನಾನು ಮುಟ್ಟಲಿಲ್ಲ. ಅದು ಅವರದು, ಇರಬೇಕು. ನಾನು ತೆಗೆಯಲು ಹೇಳಿದ್ದು ಕೊನೆಯಿಲ್ಲದ ಕಾಯುವಿಕೆಯನ್ನು. ಈಗ ಬರುತ್ತೆ ಎಂದ ಬಸ್ಸಿಗೆ ಕಾಯುವವರು ಕೈಚೀಲವನ್ನು ಕೆಳಗಿಡುವುದಿಲ್ಲ. ಆ ಮನೆಯಲ್ಲಿ ಐದೂ ಜನ ಎಂಟು ತಿಂಗಳಿಂದ ಹಾಗೇ ನಿಂತಿದ್ದರು. ತಾಯಿ ಪೆಟ್ಟಿಗೆ ಬಿಚ್ಚಲಿಲ್ಲ. ತಂದೆ ಮೊಳೆ ಹೊಡೆಯಲಿಲ್ಲ. ಮಗಳು ಪಕ್ಕದವಳ ಜೊತೆ ಮಾತಾಡಲಿಲ್ಲ. ಮೂರೂ ಒಂದೇ ಕಾಯಿಲೆ.

ಇದಕ್ಕೆ ವೈದ್ಯಕೀಯದಲ್ಲೂ ಆಧಾರವಿದೆ. ಬದುಕಿನ ಒಂದು ಕಷ್ಟಕ್ಕೆ ಹೊಂದಿಕೊಳ್ಳಲಾಗದೆ ಮನಸ್ಸು ಬಳಲುವ, ಅಡ್ಜಸ್ಟ್‌ಮೆಂಟ್ ಡಿಸಾರ್ಡರ್ ಎನ್ನುವ ಸ್ಥಿತಿಯ ಬಗ್ಗೆ ಅಮೆರಿಕದ ಮನೋವೈದ್ಯರ ಸಂಘದ ಮಾನದಂಡ ಹೀಗೆ ಹೇಳುತ್ತದೆ: ಕಷ್ಟ ಎದುರಾದ 3 ತಿಂಗಳೊಳಗೆ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಆ ಕಷ್ಟವೂ ಅದರ ಪರಿಣಾಮಗಳೂ ಮುಗಿದ ಮೇಲೆ 6 ತಿಂಗಳು ಮೀರಿ ಉಳಿಯುವುದಿಲ್ಲ. ‘ಮುಗಿದ ಮೇಲೆ’ ಎಂಬಲ್ಲಿ ಎಲ್ಲವೂ ಇದೆ. ಈ ಕುಟುಂಬಕ್ಕೆ ಮನೆ ಬಿಡುವ ಕೆಲಸ ಮುಗಿದೇ ಇರಲಿಲ್ಲ. ಪ್ರತಿದಿನ ಬೆಳಗ್ಗೆ ಅವರು ಮತ್ತೆ ಹೊರಡಲು ತಯಾರಾಗುತ್ತಿದ್ದರು. ಆರು ತಿಂಗಳ ಎಣಿಕೆ ಶುರುವಾಗುವುದಾದರೂ ಎಲ್ಲಿಂದ?

ಇನ್ನೊಂದು ಮಾತು. ‘ಹೊಸ ಮನೆಯಲ್ಲಿರುವ ಒಳ್ಳೆಯದನ್ನು ನೋಡಿ’ ಎಂದು ನಾನು ಯಾರಿಗೂ ಮೊದಲೇ ಹೇಳುವುದಿಲ್ಲ. ನೆಂಟರು, ಸ್ನೇಹಿತರು ಅದನ್ನು ಬೇಕಾದಷ್ಟು ಹೇಳಿರುತ್ತಾರೆ. ಕಳೆದುಕೊಂಡದ್ದನ್ನು ಯಾರೂ ಕೇಳದೆ ಸಿಕ್ಕಿದ್ದನ್ನು ಎಣಿಸಲು ಹೇಳಿದರೆ, ಎದುರಿಗಿರುವವರು ಬಾಯಿ ಮುಚ್ಚಿಕೊಳ್ಳುತ್ತಾರೆ. ನೋವು ಹೋಗುವುದಿಲ್ಲ. ಆ ತಾಯಿಗೆ, ‘ಹಳೆಯ ಮನೆಯಲ್ಲಿ ನಿಮಗೆ ಯಾವುದು ಜಾಸ್ತಿ ನೆನಪಾಗುತ್ತೆ?’ ಎಂದಷ್ಟೇ ಕೇಳಿದೆ. ಒಂದು ಕಿಟಕಿಯ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಎಂಟು ತಿಂಗಳಲ್ಲಿ ಯಾರೂ ಅವರನ್ನು ಅದನ್ನು ಕೇಳಿರಲಿಲ್ಲ.

ಉಳಿದ ಸಲಹೆಗಳು ಚಿಕ್ಕವು. ಎಲ್ಲ ಪೆಟ್ಟಿಗೆ ಬಿಚ್ಚಬೇಕಿಲ್ಲ, ಒಬ್ಬೊಬ್ಬರು ತಮಗೆ ಬೇಕಾದ ಒಂದನ್ನು ಆರಿಸಿ ಬಿಚ್ಚಲಿ. ಮಕ್ಕಳಿಗೆ ತಮ್ಮದೇ ಆದ ಒಂದು ಮೂಲೆ ಇರಲಿ, ಎಷ್ಟೇ ಚಿಕ್ಕದಾದರೂ ಸರಿ. ಮಲಗುವ ಹೊತ್ತು, ಏಳುವ ಹೊತ್ತು ಹಳೆಯ ಮನೆಯಲ್ಲಿದ್ದ ಹಾಗೇ ಇರಲಿ. ಮನೆಯ ಮಾಲೀಕರನ್ನು ಕೇಳಿ ಗೋಡೆಗೆ ಗಡಿಯಾರ ಹಾಕಿ. ಮಕ್ಕಳಿಗೆ ಹಳೆಯ ಸ್ನೇಹಿತರಿಂದ ಬೀಳ್ಕೊಡುಗೆ ಸಿಕ್ಕಿರಲಿಲ್ಲವಲ್ಲ, ಅದಕ್ಕಾಗಿ ಒಮ್ಮೆ ಹೋಗಿಬನ್ನಿ ಎಂದೆ. ಆ ಬೀದಿಗೆ ಕಾಲಿಡಲು ತನ್ನಿಂದ ಆಗದು ಎಂದರು ತಂದೆ. ಒತ್ತಾಯಿಸಲಿಲ್ಲ. ಮಗಳು ಫೋನಿನಲ್ಲಿ ಮಾತಾಡಿದಳು.

ನಿಜ ಹೇಳಿದ ಮೇಲೆ ಎಲ್ಲವೂ ತಕ್ಷಣ ಸರಿಹೋಗುತ್ತದೆ ಎಂದು ನಾನು ಮಾತು ಕೊಟ್ಟಿರಲಿಲ್ಲ. ಸ್ವಲ್ಪ ಕೆಡಬಹುದು ಎಂದೇ ಮೊದಲೇ ಹೇಳಿದ್ದೆ. ಹಾಗೇ ಆಯಿತು. ಮಗಳು ಎರಡು ದಿನ ತಂದೆಯ ಜೊತೆ ಮಾತು ಬಿಟ್ಟಳು. ಚಿಕ್ಕವನು ಹಾಸಿಗೆ ಒದ್ದೆ ಮಾಡಲು ಶುರು ಮಾಡಿದ. ‘ಹೇಳದಿದ್ದರೇ ಚೆನ್ನಾಗಿತ್ತು’ ಎಂದು ತಾಯಿ ಫೋನ್ ಮಾಡಿದರು. ಮಕ್ಕಳು ಆಘಾತವಾದಾಗ ಹೀಗೆ ಕೆಲವು ದಿನ ಚಿಕ್ಕ ವಯಸ್ಸಿಗೆ ಹಿಂತಿರುಗುವುದುಂಟು. ಬೈಯಬೇಡಿ, ನಾಚಿಕೆಪಡಿಸಬೇಡಿ, ಸದ್ದಿಲ್ಲದೆ ಹಾಸಿಗೆ ಬದಲಿಸಿ ಎಂದೆ. ತಾನಾಗಿ ನಿಂತಿತು. ವಾರಗಟ್ಟಲೆ ಮುಂದುವರಿದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಲು ಹೇಳುತ್ತಿದ್ದೆ. ಈಗ ಮಗಳು ಪಕ್ಕದ ಹುಡುಗಿಯ ಮನೆಗೆ ಹೋಗಿಬರುತ್ತಾಳೆ. ತಾಯಿಯ ನಿದ್ದೆ ಪೂರ್ತಿ ಮರಳಿಲ್ಲ, ಮೊದಲಿಗಿಂತ ವಾಸಿ.

ಅಜ್ಜಿಯ ವಿಷಯ ಬೇರೆ. ಎರಡು ವರ್ಷದ ಲೆಕ್ಕ ಕೇಳಿದಾಗ ಅವರು, ‘ಮಕ್ಕಳಿಗೆ ಎರಡು ವರ್ಷ ಸರಿ. ನನ್ನ ವಯಸ್ಸಿಗೆ ಆ ಲೆಕ್ಕ ಎಲ್ಲಿ ಸಲ್ಲುತ್ತೆ?’ ಎಂದಿದ್ದರು. ಅದು ನಿಜ. ಮಕ್ಕಳಿಗೆ ಮುಂದೆ ಇನ್ನೂ ಮನೆಗಳಿವೆ. ಅಜ್ಜಿ ಮದುವೆಯಾಗಿ ಬಂದದ್ದು, ಗಂಡನನ್ನು ಕಳೆದುಕೊಂಡದ್ದು ಎರಡೂ ಆ ಮನೆಯಲ್ಲೇ. ಅಮೆರಿಕದ ಬಾಸ್ಟನ್ ನಗರದ ವೆಸ್ಟ್ ಎಂಡ್ ಎಂಬ ಬಡಾವಣೆಯನ್ನು ಒಡೆದು ಜನರನ್ನು ಎಬ್ಬಿಸಿದ ಮೇಲೆ, ಮಾರ್ಕ್ ಫ್ರೀಡ್ ಎಂಬ ಮನಶ್ಶಾಸ್ತ್ರಜ್ಞ ಅವರನ್ನು ಮಾತಾಡಿಸಿ 1963ರಲ್ಲಿ ಬರೆದರು. ಎರಡು ವರ್ಷವಾದ ಮೇಲೂ 250 ಹೆಂಗಸರಲ್ಲಿ ನೂರಕ್ಕೆ 26 ಮಂದಿಗೆ ದುಃಖ ಹೋಗಿರಲಿಲ್ಲ. ಆ ಜಾಗವನ್ನು ಜಾಸ್ತಿ ಹಚ್ಚಿಕೊಂಡವರಿಗೇ ದುಃಖವೂ ಜಾಸ್ತಿ ಇತ್ತು. ಸತ್ತವರಿಗಾಗಿ ಅಳುವ ಹಾಗೆಯೇ ಜನ ಮನೆಗಾಗಿಯೂ ಅಳುತ್ತಾರೆ ಎಂದು ಅವರು ಬರೆದದ್ದು ನನಗೆ ಈ ಅಜ್ಜಿಯನ್ನು ನೋಡಿದಾಗ ಅರ್ಥವಾಗುತ್ತದೆ. ಅವರಿಗೆ ‘ಹೊಂದಿಕೊಳ್ಳಿ’ ಎಂಬ ಸಲಹೆಯನ್ನು ನಾನು ಕೊಡಲಿಲ್ಲ.

‘ಅತ್ತೆ ದಿನಾ ಮೊಮ್ಮಕ್ಕಳನ್ನು ಕೂರಿಸಿಕೊಂಡು ಹಳೆಯ ಮನೆಯ ಕಥೆ ಹೇಳ್ತಾರೆ. ಮಕ್ಕಳ ಮನಸ್ಸು ಮತ್ತೆ ಅಲ್ಲಿಗೇ ಹೋಗುತ್ತೆ ಅಂತ ಭಯ. ನಿಲ್ಲಿಸೋಕೆ ಹೇಳಲಾ?’ ಎಂದು ಈಚೆಗೆ ಸೊಸೆ ಕೇಳಿದರು. ಬೇಡ ಎಂದೆ. ಸಾಧ್ಯವಾದರೆ ನೀವೂ ಹತ್ತಿರ ಕೂತು ಕೇಳಿ ಎಂದೆ. ಗಮನಿಸಬೇಕಾದದ್ದು ಬೇರೆ ಇದೆ. ಅವರು ಕಥೆ ಹೇಳುವುದನ್ನೇ ಬಿಟ್ಟರೆ, ಊಟ ಸೇರದೆ ಹೋದರೆ, ದಿನವಿಡೀ ಮಲಗಿಯೇ ಇದ್ದರೆ, ಯಾರ ಮಾತೂ ಬೇಡವಾಗಿ ಎರಡು ವಾರ ಹಾಗೇ ಕಳೆದರೆ, ಮನೋವೈದ್ಯರ ಬಳಿ ಕರೆದುಕೊಂಡು ಹೋಗಿ. ಇನ್ನು ಬದುಕಿರುವುದು ಯಾಕೆ ಎಂಬ ಮಾತು ಒಮ್ಮೆ ಬಂದರೂ ಎರಡು ವಾರ ಕಾಯಬೇಡಿ, ಅವತ್ತೇ ಹೋಗಿ.