ಕೂದಲು ಉದುರುವುದನ್ನು ಸಸ್ಯಮೂಲದ ಸಾರಗಳು ನಿಜವಾಗಿಯೂ ತಡೆಯುತ್ತವೆಯೇ?

ಕೆಲವು ಸ್ವಲ್ಪ ಮಟ್ಟಿಗೆ ತಡೆಯಬಹುದು, ಆದರೆ ಉದುರಲು ಕಾರಣವೇನು ಎಂಬುದು ಮೊದಲು ತಿಳಿಯಬೇಕು. ವಂಶಪಾರಂಪರ್ಯವಾಗಿ ಬರುವ ಬೋಳುತನದಲ್ಲಿ 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವ ಟೆಸ್ಟೋಸ್ಟಿರಾನ್ ಎಂಬ ಪುರುಷ ಹಾರ್ಮೋನನ್ನು ಡಿಎಚ್‌ಟಿ ಎಂಬ ಇನ್ನೂ ಪ್ರಬಲವಾದ ಹಾರ್ಮೋನಾಗಿ ಬದಲಿಸುತ್ತದೆ. ಅದರಿಂದ ಕೂದಲಿನ ಬುಡ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ. ದಪ್ಪ ಕೂದಲಿದ್ದಲ್ಲಿ ಕೊನೆಗೆ ನವಿರಾದ, ಗಿಡ್ಡ ರೋಮವಷ್ಟೇ ಹುಟ್ಟುತ್ತದೆ. ಸಾ ಪಾಮೆಟೊ ಎಂಬ ಕುಳ್ಳ ತಾಳೆಗಿಡದ ಹಣ್ಣಿನ ಸಾರ ಪ್ರಯೋಗಾಲಯದಲ್ಲಿ ಈ ಕಿಣ್ವವನ್ನೇ ತಡೆಯುತ್ತದೆ. ಭರವಸೆ ಹುಟ್ಟಿರುವುದು ಅಲ್ಲಿಂದ.

ಕೊರಿಯಾದಲ್ಲಿ 76 ಪುರುಷರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 400 ಮಿ.ಗ್ರಾಂ ಕುಂಬಳಬೀಜದ ಎಣ್ಣೆ ಸೇವಿಸಿದವರ ಕೂದಲಿನ ಸಂಖ್ಯೆ 24 ವಾರಗಳಲ್ಲಿ ಶೇ. 40ರಷ್ಟು ಹೆಚ್ಚಿತು. ಹುಸಿ ಮಾತ್ರೆ ಪಡೆದವರಲ್ಲಿ ಹೆಚ್ಚಿದ್ದು ಶೇ. 10. ಆದರೆ ಕುಂಬಳಬೀಜದ ಎಣ್ಣೆಯಿದ್ದ ಮಾತ್ರೆಯಲ್ಲಿ ಬೇರೆ ಸಸ್ಯಾಂಶಗಳೂ ಇದ್ದವು. ಜಾಹೀರಾತುಗಳು ಇದನ್ನು ಹೇಳುವುದೇ ಇಲ್ಲ. 2015ರ ಪ್ರಯೋಗವೊಂದರಲ್ಲಿ ಆರು ತಿಂಗಳ ಬಳಿಕ ರೋಸ್‌ಮೇರಿ ಎಣ್ಣೆ ನೆತ್ತಿಗೆ ಹಚ್ಚುವ ಕೂದಲಿನ ಔಷಧವಾದ ಶೇ. 2ರ ಮಿನಾಕ್ಸಿಡಿಲ್‌ಗೆ ಸಮನಾಗಿ ನಿಂತಿತು. ಅಲ್ಲಿ ಹುಸಿ ಔಷಧದ ಗುಂಪು ಇರಲಿಲ್ಲ.

ರೋಸ್‌ಮೇರಿ ಎಣ್ಣೆಯನ್ನು ನೇರವಾಗಿ ನೆತ್ತಿಗೆ ಹಚ್ಚಬೇಡಿ, ಬೇರೆ ಎಣ್ಣೆಯಲ್ಲಿ ಬೆರೆಸಿ. ಗರ್ಭಿಣಿಯರು ಸಾ ಪಾಮೆಟೊ ಸೇವಿಸಲೇಬಾರದು. ಕೂದಲು ದಿಢೀರನೆ ಅಥವಾ ತೇಪೆ ತೇಪೆಯಾಗಿ ಉದುರುತ್ತಿದ್ದರೆ ಇವನ್ನೆಲ್ಲ ಬದಿಗಿಟ್ಟು ಚರ್ಮವೈದ್ಯರನ್ನು ಕಾಣಿರಿ. ಕಬ್ಬಿಣದ ಕೊರತೆಯೋ ಥೈರಾಯ್ಡ್ ತೊಂದರೆಯೋ ಇದ್ದರೆ ಯಾವ ಎಣ್ಣೆಯೂ ಅದನ್ನು ಸರಿಪಡಿಸದು.